ಮುಖವನ್ನು ಬರೆಯುವ ಬಗೆ

ನಮ್ಮ ಕಾಲೇಜಿನಲ್ಲಿ ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕನ್ನಡ ಮೊದಲಾದುವು ಪಾಠವಾಗುತ್ತವೆ, ಚಿತ್ರಕಲೆ ಪಾಠವಾಗುವುದಿಲ್ಲ. ಆದುದರಿಂದ ಈ ಲೇಖನ ಬಲ್ಲವರ ಉಪದೇಶವಲ್ಲ. ಎರಡು ವರ್ಷಗಳ ಕಾಲ ಹಾಳೆ ಕೆಡಿಸಿ, ಸಿಕ್ಕಿದ ಪುಸ್ತಕಗಳನ್ನು ಓದಿ, ಮತ್ತೆ ಹಾಳೆ ಕೆಡಿಸಿ, ಕೊನೆಗೆ ಅಲ್ಪಸ್ವಲ್ಪ ತಿಳಿದುಕೊಂಡದ್ದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ. ಈ ಕಲೆಯನ್ನು ಕ್ರಮವಾಗಿ ಬಲ್ಲ ಅಧ್ಯಾಪಕರು ಯಾರಾದರೂ ಇದನ್ನು ಓದಿದರೆ ತಪ್ಪುಗಳನ್ನು ತಿದ್ದಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಾನು ಮುಖ ಬರೆಯಲು ಹೊರಟದ್ದು ಹವ್ಯಾಸಕ್ಕಾಗಿ ಅಲ್ಲ. ನಮ್ಮ ಅಜ್ಜಿ ತೀರಿಕೊಂಡಾಗ ಮನೆಯಲ್ಲಿ ಅವಳ ಭಾವಚಿತ್ರ ಒಂದೂ ಇರಲಿಲ್ಲ. ಇದ್ದದ್ದು ಮತದಾರರ ಗುರುತಿನ ಚೀಟಿಯ ಮೇಲಿನ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ, ಕಪ್ಪು ಬಿಳುಪಿನ ಚಿತ್ರ. ತಿಥಿಯ ದಿನಕ್ಕೆ ಬೇಕೆಂದು ತಾಲ್ಲೂಕು ಪೇಟೆಯ ಒಂದು ಸ್ಟುಡಿಯೋದಲ್ಲಿ ಅದನ್ನೇ ದೊಡ್ಡದು ಮಾಡಿಸಿದೆವು. ಅಲ್ಲಿಯವರು ನಾವು ಕೇಳದೆಯೇ, ಉಪಕಾರವೆಂದು ತಿಳಿದು, ಅಜ್ಜಿಯ ಮುಖವನ್ನು ತಿದ್ದಿ ಬೆಳ್ಳಗೆ ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ ಕಟ್ಟು ಹಾಕಿ ಕೊಟ್ಟರು. ಅಜ್ಜಿ ಜೀವಮಾನವೆಲ್ಲ ಗದ್ದೆಯ ಬಿಸಿಲಿನಲ್ಲಿ ದುಡಿದವಳು; ಹುಟ್ಟಿನಿಂದಲೂ ಕಪ್ಪು. ಗೋಡೆಯ ಮೇಲೆ ಹಾರ ಹಾಕಿದ ಆ ಚಿತ್ರವನ್ನು ಅವ್ವ ಒಂದು ಕ್ಷಣ ನೋಡಿ, “ಯಾರೋ ಸಿನಿಮಾದೋರು ಇದ್ದಂಗವ್ರೆ. ನಮ್ಮವ್ವ ಹಿಂಗಿರ್ಲಿಲ್ಲ” ಎಂದಳು. ಆಮೇಲೆ ಅದನ್ನು ನೋಡುವುದನ್ನೇ ಬಿಟ್ಟಳು. ಹಾಗಾದರೆ ಸರಿಯಾದದ್ದನ್ನು ನಾನೇ ಬರೆಯುತ್ತೇನೆಂದು ಹೇಳಿಬಿಟ್ಟೆ. ಶಾಲೆಯಲ್ಲಿ ಗಾಂಧೀಜಿಯ ಚಿತ್ರ ಬರೆದು ಬಹುಮಾನ ಪಡೆದ ಧೈರ್ಯ ಅದು. ಗಾಂಧೀಜಿಯನ್ನು ಬರೆಯುವುದು ಸುಲಭ. ಕನ್ನಡಕವೊಂದನ್ನು ಬರೆದರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ಅಜ್ಜಿಯನ್ನು ಬರೆಯುವ ಮೊದಲು ಕೈ ಪಳಗಲೆಂದು ಅವ್ವನನ್ನೇ ಕೂರಿಸಿಕೊಂಡೆ. ತಾಯಿ ಮಗಳ ತಲೆಯ ಕಟ್ಟು ಒಂದೇ ಎಂದು ಊರಿನವರೆಲ್ಲ ಹೇಳುವುದುಂಟು. ಮೊದಲ ದಿನ ನಾನು ಮಾಡಿದ್ದನ್ನು ಹೇಳುತ್ತೇನೆ. ಹೊಸಬರು ಬಹುಪಾಲು ಮಾಡುವುದೂ ಅದನ್ನೇ. ಮೊದಲು ಎಡಗಣ್ಣನ್ನು ಬರೆದೆ. ಬಾದಾಮಿಯ ಆಕಾರ, ಒಳಗೆ ಉರುಟು, ಉರುಟಿನೊಳಗೆ ಚುಕ್ಕೆ, ಮೇಲೆ ಒಂದೊಂದಾಗಿ ಎಣಿಸಿದಂತೆ ರೆಪ್ಪೆಗೂದಲು. ಆಮೇಲೆ ಬಲಗಣ್ಣು. ಆಮೇಲೆ ಎರಡು ಗೆರೆ ಇಳಿಸಿ ಮೂಗು, ಸುತ್ತ ಗೆರೆ ಎಳೆದು ತುಟಿ. ಎಲ್ಲ ಆದ ಮೇಲೆ ಇವಕ್ಕೆ ಬೇಲಿ ಹಾಕಿದಂತೆ ಮುಖದ ಅಂಚು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಚೆನ್ನಾಗಿಯೇ ಇತ್ತು. ಒಟ್ಟಿಗೆ ನೋಡಿದರೆ ಅದು ಅವ್ವನ ಮುಖವಲ್ಲ, ಯಾರ ಮುಖವೂ ಅಲ್ಲ.

ಇದರ ಕಾರಣ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ನಾನು ನೋಡಿ ಬರೆದಿರಲಿಲ್ಲ, ಗೊತ್ತಿದ್ದುದನ್ನು ಬರೆದಿದ್ದೆ. ಕಣ್ಣು ಎಂಬ ಹೆಸರು ಮನಸ್ಸಿಗೆ ಬಂದೊಡನೆ ಬಾಲ್ಯದಿಂದ ಕಲಿತ ಕಣ್ಣಿನ ಗುರುತು ಕೈಯಿಂದ ತಾನೇ ಇಳಿಯುತ್ತದೆ, ‘ಅ’ ಎಂಬ ಅಕ್ಷರ ಇಳಿಯುವ ಹಾಗೆ. ಎದುರಿಗೆ ಕುಳಿತವರು ಯಾರಾದರೂ ಅಕ್ಷರ ಒಂದೇ. ೧೯೭೯ರಲ್ಲಿ ಬೆಟ್ಟಿ ಎಡ್ವರ್ಡ್ಸ್ ಎಂಬ ಅಮೆರಿಕದ ಶಿಕ್ಷಕಿ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಉಪಾಯ ಹೇಳಿದರು: ಪಿಕಾಸೊ ಬರೆದ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ರೇಖಾಚಿತ್ರವನ್ನು ತಲೆಕೆಳಗು ಮಾಡಿ ನಕಲು ಮಾಡಿರಿ ಎಂದು. ತಲೆಕೆಳಗಾದ ಮುಖದಲ್ಲಿ ಕಣ್ಣು, ಮೂಗು ಎಂಬ ಹೆಸರುಗಳು ಹಿಂದೆ ಸರಿಯುತ್ತವೆ, ಆಕಾರಗಳು ಮಾತ್ರ ಉಳಿಯುತ್ತವೆ. ಮೆದುಳಿನ ಎಡಭಾಗ ಬಲಭಾಗಗಳ ಬಗ್ಗೆ ಆ ಪುಸ್ತಕ ಹೇಳುವ ವಿವರಣೆ ವಿಜ್ಞಾನದ ಕಣ್ಣಿಗೆ ತೀರ ಸರಳವಾದದ್ದು; ಉಪಾಯ ಮಾತ್ರ ಕೆಲಸ ಮಾಡುತ್ತದೆ. ಪಠ್ಯಪುಸ್ತಕದಲ್ಲಿರುವ ಯಾವುದಾದರೊಂದು ಚಿತ್ರವನ್ನು ತಿರುಗಿಸಿ ಇಟ್ಟುಕೊಂಡು ನೀವೇ ಪರೀಕ್ಷಿಸಬಹುದು.

ಹಾಗಾದರೆ ಒಬ್ಬರ ಮುಖದ ಗುರುತು ಎಲ್ಲಿದೆ? ರೆಪ್ಪೆಗೂದಲಿನಲ್ಲಂತೂ ಇಲ್ಲ. ನಾಲ್ಕು ಗದ್ದೆಯಾಚೆ ನಡೆದು ಬರುತ್ತಿರುವ ನೆಂಟರನ್ನು ನಾವು ಗುರುತಿಸುತ್ತೇವೆ. ಅಷ್ಟು ದೂರಕ್ಕೆ ಕಣ್ಣೂ ಕಾಣದು, ತುಟಿಯೂ ಕಾಣದು. ೧೯೫೭ರಲ್ಲಿ ಕ್ರೇಗ್ ಮೂನಿ ಎಂಬ ಮನಶ್ಶಾಸ್ತ್ರಜ್ಞರು ಮುಖಗಳನ್ನು ಬರಿಯ ಕಪ್ಪು ಮತ್ತು ಬಿಳಿ ತೇಪೆಗಳಾಗಿ ಮಾಡಿ ಜನರಿಗೆ ತೋರಿಸಿದರು. ನಡುವೆ ಬೂದುಬಣ್ಣವಿಲ್ಲ, ಗೆರೆಯಿಲ್ಲ. ಆದರೂ ನೋಡಿದವರು ಇದು ಮುದುಕ, ಇದು ಹುಡುಗಿ ಎಂದು ಗುರುತಿಸಬಲ್ಲವರಾಗಿದ್ದರು. ೧೯೭೩ರಲ್ಲಿ ಲಿಯೊನ್ ಹಾರ್ಮನ್ ಎಂಬುವರು ಅಬ್ರಹಾಂ ಲಿಂಕನ್ನರ ಭಾವಚಿತ್ರವನ್ನು ಕೆಲವೇ ನೂರು ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೂ ಒಂದೇ ಛಾಯೆ ತುಂಬಿದರು. ಹತ್ತಿರದಿಂದ ಅದು ಹಾಸುಗಲ್ಲಿನ ನೆಲದಂತೆ ಕಾಣುತ್ತದೆ. ದೂರ ಸರಿದು ಅರೆಗಣ್ಣಿನಿಂದ ನೋಡಿದರೆ ಲಿಂಕನ್ ಎದ್ದು ಬರುತ್ತಾರೆ. ಚೌಕಗಳಲ್ಲಿ ಒಂದು ಕಣ್ಣನ್ನೂ ಯಾರೂ ಬರೆದಿಲ್ಲ. ಹೋಲಿಕೆ ಇರುವುದು ದೊಡ್ಡ ಆಕಾರಗಳಲ್ಲಿ, ಅವುಗಳ ಛಾಯೆಯಲ್ಲಿ, ಒಂದಕ್ಕೊಂದು ಇರುವ ದೂರದಲ್ಲಿ.

ದೂರದ ಮಾತನ್ನು ಮೊದಲು ಮುಗಿಸುತ್ತೇನೆ, ಅದು ಸುಲಭ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣುಗಳು ಸರಿಸುಮಾರು ಅರ್ಧದಲ್ಲಿವೆ. ನಂಬದವರು ಒಂದು ದಾರ ಹಿಡಿದು ಗೆಳೆಯರ ತಲೆಯನ್ನು ಅಳೆಯಬಹುದು. ಹೊಸಬರು ಕಣ್ಣನ್ನು ಮೇಲಕ್ಕೆ ಏರಿಸುತ್ತಾರೆ, ಏಕೆಂದರೆ ಹಣೆಯಲ್ಲಿ ‘ಏನೂ ಇಲ್ಲ’ ಎಂದು ಅವರ ಮನಸ್ಸು ಅದನ್ನು ಕುಗ್ಗಿಸಿಬಿಡುತ್ತದೆ. ಇನ್ನು ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗಲ್ಲ, ಈ ಮೂರು ಪಾಲುಗಳು ಸಮ ಎಂಬುದು ಯುರೋಪಿನ ಪುಸ್ತಕಗಳಲ್ಲಿ ಬರುವ ಲೆಕ್ಕ. ನಮ್ಮ ಶಿಲ್ಪಿಗಳಿಗೂ ಇದು ಗೊತ್ತಿತ್ತು. ಮುಖದ ಉದ್ದ ಹನ್ನೆರಡು ಅಂಗುಲ, ಅದೇ ಒಂದು ತಾಳ. ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಅದರ ಕೆಳಗೆ ನಾಲ್ಕು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಹಣೆ, ಮೂಗು, ಗಲ್ಲಗಳಿಗೆ ನಾಲ್ಕು ನಾಲ್ಕು ಅಂಗುಲವನ್ನೇ ಹೇಳಿದೆ. ಆದರೆ ಇದು ವಿಗ್ರಹದ ಅಳತೆ. ಮನುಷ್ಯರು ಈ ಅಳತೆಯಿಂದ ಎಷ್ಟು ಆಚೀಚೆ ಸರಿದಿದ್ದಾರೋ ಅದರಲ್ಲಿಯೇ ಅವರ ಚಹರೆ ಇದೆ. ಆದುದರಿಂದ ಅಳತೆಯನ್ನು ಕಲಿಯಬೇಕು, ಕಲಿತು ಎದುರಿನ ಮುಖ ಅದನ್ನು ಎಲ್ಲಿ ಮೀರಿದೆ ಎಂದು ಹುಡುಕಬೇಕು.

ಇನ್ನು ಆಕಾರ. ಅಮೆರಿಕದ ಆಂಡ್ರೂ ಲೂಮಿಸ್ ೧೯೫೬ರಲ್ಲಿ ಪ್ರಕಟಿಸಿದ ತಲೆ ಮತ್ತು ಕೈಗಳ ರಚನೆಯ ಪುಸ್ತಕದಲ್ಲಿ ತಲೆಯನ್ನು ಒಂದು ಚೆಂಡಿನಿಂದ ಆರಂಭಿಸುತ್ತಾರೆ. ಚೆಂಡಿನ ಎರಡು ಮಗ್ಗುಲನ್ನೂ ಚಾಕುವಿನಿಂದ ಹೆರೆದಂತೆ ಚಪ್ಪಟೆ ಮಾಡಿದರೆ ಅದು ತಲೆಬುರುಡೆ. ಚಪ್ಪಟೆಯಾದ ಜಾಗಗಳೇ ಕಪೋಲದ ಮೇಲಿನ ಕಣತಲೆ. ಚೆಂಡಿನ ಮುಂಭಾಗದಿಂದ ದವಡೆಯನ್ನು ಇಳಿಬಿಟ್ಟರೆ ಮುಖ. ನನಗೆ ಇದು ಓದುವಾಗ ಅರ್ಥವಾಯಿತು, ಬರೆಯುವಾಗ ಅರ್ಥವಾಗಲಿಲ್ಲ. ಅರ್ಥವಾದದ್ದು ಅಚ್ಚುಬೆಲ್ಲದಿಂದ.

ನಮ್ಮ ಕಡೆ ಆಲೆಮನೆಯಲ್ಲಿ ಮರದ ಅಚ್ಚಿನಿಂದ ಬೀಳಿಸುವ ಬೆಲ್ಲಕ್ಕೆ ಮೇಲೊಂದು ಸಣ್ಣ ಚಪ್ಪಟೆ ತಲೆ, ಸುತ್ತ ನಾಲ್ಕು ಇಳಿಜಾರು ಮಗ್ಗುಲು ಇರುತ್ತವೆ. ಒಂದು ಅಚ್ಚನ್ನು ಕಿಟಕಿಯ ಪಕ್ಕದಲ್ಲಿಟ್ಟು ನೋಡಿರಿ. ಬೆಲ್ಲ ಒಂದೇ, ಬಣ್ಣ ಒಂದೇ. ಆದರೆ ಕಿಟಕಿಯ ಕಡೆಗೆ ತಿರುಗಿದ ಮಗ್ಗುಲು ತಿಳಿ, ತಲೆ ನಡುವಣ ಛಾಯೆ, ಆಚೆಯ ಮಗ್ಗುಲು ಕಪ್ಪು. ಮಗ್ಗುಲು ಎಲ್ಲಿ ತಿರುಗುತ್ತದೆಯೋ ಅಲ್ಲಿ ಛಾಯೆ ಬದಲಾಗುತ್ತದೆ. ಅಲ್ಲಿ ಯಾರೂ ಗೆರೆ ಎಳೆದಿಲ್ಲ. ಈಗ ಆ ಬೆಲ್ಲದ ಅಚ್ಚನ್ನು ಉದ್ದವಾಗಿ ಎಳೆದು ಮುಖದ ನಡುವೆ ನಿಲ್ಲಿಸಿದಂತೆ ಭಾವಿಸಿದರೆ ಅದೇ ಮೂಗು: ಮುಂದೆ ಒಂದು ಪಟ್ಟಿ, ಎರಡು ಮಗ್ಗುಲು, ಕೆಳಗೆ ಹೊಳ್ಳೆಗಳಿರುವ ತಳ. ಬೆಳಕು ಮೇಲಿನಿಂದ ಬಂದಾಗ ತಳ ಯಾವಾಗಲೂ ಕಪ್ಪು. ನಾನು ಎಳೆಯುತ್ತಿದ್ದ ಎರಡು ಗೆರೆಗಳು ಮುಖದಲ್ಲಿ ಎಲ್ಲಿಯೂ ಇರಲಿಲ್ಲ.

ಇಡೀ ಮುಖವನ್ನು ಹೀಗೆಯೇ ಕೆತ್ತಬಹುದು. ಹಣೆ ಎದುರಿಗೆ ಒಂದು ಹಲಗೆ, ಎರಡು ಕಡೆ ಹಿಂದಕ್ಕೆ ಮಡಿಚಿದೆ. ಕಣ್ಣುಗಳೆಂಬುವು ಹುಬ್ಬಿನ ಚಾವಣಿಯ ಕೆಳಗಿನ ಎರಡು ಗುಳಿಗಳು; ದೂರದಿಂದ ಒಂದೊಂದು ಗುಳಿಯೂ ಒಂದೊಂದು ಕಪ್ಪು ತೇಪೆ. ಕೆನ್ನೆಯ ಎಲುಬು ಒಂದು ಏಣು, ಅದರ ಕೆಳಗೆ ಮುಖ ಒಳಕ್ಕೆ ಬೀಳುತ್ತದೆ. ಮೇಲ್ತುಟಿ ಕೆಳಮುಖವಾಗಿರುವುದರಿಂದ ನೆರಳಿಗೆ ಸೇರಿದ್ದು, ಕೆಳತುಟಿ ಮೇಲ್ಮುಖವಾಗಿರುವುದರಿಂದ ಬೆಳಕಿಗೆ ಸೇರಿದ್ದು, ಅದರ ಕೆಳಗೆ ಮತ್ತೊಂದು ಸಣ್ಣ ನೆರಳು. ತುಟಿಗೆ ಅಂಚು ಕಟ್ಟುವ ಅಗತ್ಯವೇ ಇಲ್ಲ. ಎರಡು ತುಟಿ ಸೇರುವ ಜಾಗದ ಒಂದು ಕಪ್ಪು, ಕೆಳತುಟಿಯ ಕೆಳಗಿನ ಒಂದು ನೆರಳು, ಇಷ್ಟಿದ್ದರೆ ಬಾಯಿ ತಾನೇ ಮೂಡುತ್ತದೆ. ಕೂದಲೂ ಹೀಗೆಯೇ: ಎಳೆಗಳನ್ನು ಮರೆತು ಒಂದು ದೊಡ್ಡ ತೇಪೆ ಎಂದು ತಿಳಿಯಬೇಕು.

ಛಾಯೆಯ ಮಾತು ಬಂದಿತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾನು ಹೆಚ್ಚು ಎಡವಿದ್ದು ಇಲ್ಲಿಯೇ. ಬಣ್ಣ ಬೇರೆ, ಛಾಯೆ ಬೇರೆ. ಒಂದು ವಸ್ತು ಎಷ್ಟು ತಿಳಿಯಾಗಿ ಅಥವಾ ಎಷ್ಟು ಕಪ್ಪಗೆ ಕಾಣುತ್ತದೆ ಎಂಬ ಅಳತೆಯೇ ಛಾಯೆ. ಕೆಂಪು ದಾಸವಾಳಕ್ಕೂ ಅದರ ಹಸಿರು ಎಲೆಗೂ ಛಾಯೆ ಹೆಚ್ಚುಕಡಿಮೆ ಒಂದೇ ಇರಬಹುದು. ಕಾಗದದ ತುಂಡಿನ ಮೇಲೆ ಸಾಲಾಗಿ ಏಳು ಮನೆಗಳನ್ನು ಬರೆದುಕೊಳ್ಳಿ. ಒಂದನೆಯದು ಹಾಳೆಯ ಬಿಳಿ, ಏಳನೆಯದು ಇದ್ದಿಲು ಕೊಡಬಲ್ಲ ಕಡುಕಪ್ಪು, ನಡುವಿನವು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಇದನ್ನು ಒಂದೇ ಸಲಕ್ಕೆ ಸರಿಯಾಗಿ ಮಾಡಿದವರನ್ನು ನಾನು ಕಂಡಿಲ್ಲ. ನನ್ನ ಸಾಲಿನಲ್ಲಿ ಮೂರು, ನಾಲ್ಕು, ಐದನೆಯ ಮನೆಗಳು ಅಣ್ಣತಮ್ಮಂದಿರಂತೆ ಒಂದೇ ಆಗಿದ್ದುವು.

ಆಮೇಲೆ ಎದುರಿನ ಮುಖವನ್ನು ಅರೆಗಣ್ಣಿನಿಂದ ನೋಡಬೇಕು. ರೆಪ್ಪೆಗಳನ್ನು ಕಿರಿದು ಮಾಡಿದಾಗ ಸಣ್ಣಪುಟ್ಟ ವಿವರಗಳು ಕರಗಿ ಎರಡು ಪಕ್ಷಗಳು ಮಾತ್ರ ಉಳಿಯುತ್ತವೆ: ಬೆಳಕಿನ ಪಕ್ಷ, ನೆರಳಿನ ಪಕ್ಷ. ಮೊದಲ ಹಂತದಲ್ಲಿ ಇವೆರಡನ್ನೇ ಬರೆಯಬೇಕು. ನೆರಳೆಲ್ಲಕ್ಕೂ ಒಂದೇ ಛಾಯೆ ತುಂಬಿ, ಬೆಳಕನ್ನು ಹಾಗೆಯೇ ಬಿಡಬೇಕು. ಕಣ್ಣಿನ ಗುಳಿ, ಮೂಗಿನ ಮಗ್ಗುಲು, ಮೇಲ್ತುಟಿ, ಗಲ್ಲದ ಕೆಳಗು ಇವೆಲ್ಲ ಒಂದಕ್ಕೊಂದು ಕೂಡಿಕೊಂಡು ಕೆರೆಯ ಅಂಗಳದಂತೆ ಒಂದೇ ಹರವಾಗುವುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಈ ಹಂತದಲ್ಲಿಯೇ ಹೋಲಿಕೆ ಬರಬೇಕು. ಬಾರದಿದ್ದರೆ ನೆರಳಿನ ಆಕಾರ ತಪ್ಪಿದೆ ಎಂದು ತಿಳಿದು ಅಲ್ಲಿಯೇ ತಿದ್ದಬೇಕೇ ಹೊರತು, ಕಣ್ಣು ಮೂಗು ತುಂಬಿದರೆ ಸರಿಹೋದೀತೆಂದು ಮುಂದೆ ಹೋಗಬಾರದು. ನಾನು ಹೀಗೆ ಮುಂದೆ ಹೋಗಿ ಕೆಡಿಸಿದ ಹಾಳೆಗಳು ಇಪ್ಪತ್ತಕ್ಕೆ ಕಡಿಮೆಯಿಲ್ಲ.

ಎರಡು ಪಕ್ಷ ನಿಂತ ಮೇಲೆ ನಡುವಣ ಛಾಯೆಗಳನ್ನು ಸೇರಿಸಬಹುದು. ಇಲ್ಲಿ ಒಂದು ಕಟ್ಟುಪಾಡು ಉಪಯೋಗಕ್ಕೆ ಬರುತ್ತದೆ: ಬೆಳಕಿನ ಪಕ್ಷದ ಅತಿ ಕಪ್ಪಾದ ಜಾಗವೂ ನೆರಳಿನ ಪಕ್ಷದ ಅತಿ ತಿಳಿಯಾದ ಜಾಗಕ್ಕಿಂತ ತಿಳಿಯಾಗಿರಬೇಕು. ದವಡೆಯ ಕೆಳಗೆ ಸೆರಗಿನಿಂದಲೋ ನೆಲದಿಂದಲೋ ಪುಟಿದು ಬಂದ ಮಂದ ಬೆಳಕು ನೆರಳಿನೊಳಗೆ ಹೊಳೆದಂತೆ ಕಾಣುತ್ತದೆ. ಅದಕ್ಕೆ ಮರುಳಾಗಿ ಅದನ್ನು ತಿಳಿ ಮಾಡಿದರೆ ಮುಖ ಒಡೆದುಹೋಗುತ್ತದೆ. ಅಂಚುಗಳ ಬಗ್ಗೆಯೂ ಒಂದು ಮಾತು: ಮೂಗು ಕೆನ್ನೆಯ ಮೇಲೆ ಚೆಲ್ಲಿದ ನೆರಳಿನ ಅಂಚು ಚೂಪು, ಕೆನ್ನೆ ತಾನೇ ತಿರುಗಿ ಕಪ್ಪಾಗುವಲ್ಲಿ ಅಂಚು ಮೆದು. ಬೆರಳಿನಿಂದ ಎಲ್ಲವನ್ನೂ ತೀಡಿ ಮೆದು ಮಾಡುವ ಚಪಲ ಒಳ್ಳೆಯದಲ್ಲ. ನನಗೆ ಆ ಚಪಲ ಇನ್ನೂ ಹೋಗಿಲ್ಲ.

ನಮ್ಮ ಕಣ್ಣು ಛಾಯೆಯನ್ನು ಅಳೆಯುವುದರಲ್ಲಿ ಪ್ರಾಮಾಣಿಕವಲ್ಲ. ೧೯೯೫ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಎಡ್ವರ್ಡ್ ಆಡೆಲ್‌ಸನ್ ಒಂದು ಚಿತ್ರ ಮಾಡಿದರು. ಚದುರಂಗದ ಹಾಸು, ಅದರ ಮೇಲೊಂದು ಕಂಬ, ಕಂಬದ ನೆರಳು ಹಾಸಿನ ಮೇಲೆ. ನೆರಳಿನೊಳಗಿನ ‘ಬಿಳಿ’ ಮನೆಯೂ ಹೊರಗಿನ ‘ಕಪ್ಪು’ ಮನೆಯೂ ವಾಸ್ತವವಾಗಿ ಒಂದೇ ಛಾಯೆ. ಆದರೂ ಎಷ್ಟು ನೋಡಿದರೂ ಒಂದು ಬಿಳಿ, ಒಂದು ಕಪ್ಪು ಎಂದೇ ಕಾಣುತ್ತದೆ. ಬಿಳಿ ಎಂದು ಮನಸ್ಸಿಗೆ ಗೊತ್ತಾದ ವಸ್ತುವನ್ನು ಕಣ್ಣು ನೆರಳಿನಲ್ಲಿಯೂ ಬಿಳಿ ಎಂದೇ ವರದಿ ಮಾಡುತ್ತದೆ. ಇದಕ್ಕೆ ಪರಿಹಾರ ಅಗ್ಗದ್ದು: ಒಂದು ರಟ್ಟಿನ ಚೂರಿಗೆ ಸಣ್ಣ ತೂತು ಮಾಡಿ, ಒಂದು ಕಣ್ಣು ಮುಚ್ಚಿ, ತೂತಿನ ಮೂಲಕ ಒಂದೊಂದೇ ಜಾಗವನ್ನು ನೋಡುವುದು. ಹೀಗೆ ನೋಡಿದಾಗ ಅವ್ವನ ಕಣ್ಣಿನ ಬಿಳಿ ಬಿಳಿಯೇ ಅಲ್ಲ ಎಂದು ತಿಳಿಯಿತು. ಕಣ್ಣು ಗುಂಡಗಿದೆ, ಮೇಲೆ ರೆಪ್ಪೆಯ ನೆರಳಿದೆ. ಅಲ್ಲಿ ಇದ್ದದ್ದು ನಾಲ್ಕನೆಯ ಮನೆಯ ಬೂದು.

ಇಷ್ಟೆಲ್ಲ ಕಲಿತು ಅವ್ವನನ್ನು ಮತ್ತೊಮ್ಮೆ ಬರೆದೆ. ನಮ್ಮ ಮನೆಯ ಬಾಗಿಲು ಪೂರ್ವಕ್ಕೆ. ಬೆಳಿಗ್ಗೆ ಬಿಸಿಲು ಓಡುತ್ತಿರುತ್ತದೆ, ಮಧ್ಯಾಹ್ನದ ಮೇಲೆ ಬಾಗಿಲಿನಿಂದ ಬರುವ ಬೆಳಕು ಒಂದೇ ಸಮ. ಅವ್ವ ಹೊಸಲಿನ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಳು. ಪರೀಕ್ಷೆಗೆ ಒಯ್ಯುವ ರಟ್ಟಿಗೆ ಹಾಳೆ ಸಿಕ್ಕಿಸಿ ನಾನು ಎದುರಿಗೆ ಕುಳಿತೆ. ಆಕಾರ ಸರಿಬಂತು, ನೆರಳು ಸರಿಬಂತು. ತೋರಿಸಿದಾಗ ಅವ್ವ, “ಇದ್ಯಾರ್ ಮಗ? ಪೌಡ್ರು ಬಳ್ಕೊಂಡಂಗದೆ” ಎಂದಳು.

ಆ ಮಾತು ನನ್ನನ್ನು ನಾಟಿತು. ಸ್ಟುಡಿಯೋದವರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವ್ವನ ಮುಖದ ಬೆಳಕಿನ ಪಕ್ಷವನ್ನು ಹಾಳೆಯ ಬಿಳಿಯಾಗಿಯೇ ಬಿಟ್ಟಿದ್ದೆನಷ್ಟೆ! ನಾನು ಓದಿದ ಪುಸ್ತಕಗಳ ಮಾದರಿಗಳೆಲ್ಲ ಬಿಳಿಯ ಜನರು. ಅವರ ಕೆನ್ನೆಗೆ ಹಾಳೆಯ ಬಿಳಿ ಸಾಕು. ನಮ್ಮ ಗೋಡೆಗಳ ಕ್ಯಾಲೆಂಡರುಗಳನ್ನು ನೋಡಿ ಬೆಳೆದ ಕಣ್ಣಿಗೂ ಮುಖವೆಂದರೆ ತಿಳಿಯಾಗಿರಬೇಕು ಎಂಬ ರೂಢಿ ಹತ್ತಿಬಿಟ್ಟಿರುತ್ತದೆ. ರಾಜಾ ರವಿವರ್ಮ ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಆರಂಭಿಸಿ ದೇವತೆಗಳ ಚಿತ್ರಗಳನ್ನು ಮನೆಮನೆಗೆ ತಲಪಿಸಿದರು. ಅವರ ತೈಲಚಿತ್ರಗಳಲ್ಲಿ ನೆರಳು ಬೆಳಕಿನ ನುರಿತ ಕೆಲಸವಿದೆ. ಅವರ ಹಿಂದೆ ಬಂದ ಕ್ಯಾಲೆಂಡರುಗಳಲ್ಲಿ ಉಳಿದದ್ದು ಗುಲಾಬಿ ಬಿಳುಪು ಮಾತ್ರ ಎಂದು ನನಗೆ ತೋರುತ್ತದೆ. ಮೊಬೈಲಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆದು ಛಾಯೆ ನೋಡೋಣವೆಂದರೆ ಅದೂ ಕೇಳದೆಯೇ ಮುಖವನ್ನು ನಯಮಾಡಿ ತಿಳಿಗೊಳಿಸಿತು.

ಕಪ್ಪು ಮುಖ ಬೆಳಕಿನಲ್ಲಿ ಹೇಗಿರುತ್ತದೆ ಎಂದು ಆಗ ತೂತಿನ ರಟ್ಟು ಹಿಡಿದು ಬಿಡುವಿದ್ದಾಗಲೆಲ್ಲ ನೋಡಿದೆ. ಚರ್ಮದಿಂದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕೈದು ಪಾಲು ಮೇಲ್ಮೈಯಿಂದಲೇ ಪುಟಿಯುತ್ತದೆ. ಎಣ್ಣೆಪಸೆಯ ಹೊಳಪು ಎನ್ನುವುದು ಇದೇ. ಇದು ಎಲ್ಲ ಮೈಬಣ್ಣದವರಿಗೂ ಬಹುಮಟ್ಟಿಗೆ ಸಮಾನ. ಉಳಿದ ಬೆಳಕು ಒಳಹೊಕ್ಕು, ಮೆಲನಿನ್ ಎಂಬ ವರ್ಣದ್ರವ್ಯ ಹೀರಿದಷ್ಟನ್ನು ಹೀರಿದ ಮೇಲೆ, ಮಿಕ್ಕದ್ದು ಹೊರಬರುತ್ತದೆ. ಬಿಳಿಯ ಚರ್ಮದಲ್ಲಿ ಹೀಗೆ ಹೊರಬರುವ ಬೆಳಕೇ ಹೆಚ್ಚಾಗಿ, ಹೊಳಪು ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪು ಚರ್ಮದಲ್ಲಿ ಅದು ಕಡಿಮೆ; ಆದುದರಿಂದ ಹಣೆ, ಕೆನ್ನೆಯ ಏಣು, ಮೂಗಿನ ತುದಿಗಳ ಹೊಳಪು ಕಲ್ಲಿನ ವಿಗ್ರಹಕ್ಕೆ ಎಣ್ಣೆ ಸವರಿದಂತೆ ಎದ್ದು ಕಾಣುತ್ತದೆ. ಬಿಳಿಯ ಮುಖದ ಆಕಾರವನ್ನು ನೆರಳು ಹೇಳಿದರೆ, ಕಪ್ಪು ಮುಖದ ಆಕಾರವನ್ನು ಬಹುಪಾಲು ಹೊಳಪೇ ಹೇಳುತ್ತದೆ. ಅವ್ವನ ಮುಖದ ಬೆಳಕಿನ ಪಕ್ಷ ನನ್ನ ಸಾಲಿನ ನಾಲ್ಕನೆಯ ಮನೆ, ನಡುವಣ ಛಾಯೆ ಐದು, ನೆರಳು ಆರು, ತುಟಿಗಳ ನಡುವಿನ ಗೆರೆ ಮತ್ತು ಹೊಳ್ಳೆ ಏಳು. ಹಣೆಯ ಹೊಳಪು ಮಾತ್ರ ಹಾರಿ ಎರಡನೆಯ ಮನೆಗೆ ಬರುತ್ತದೆ. ಅವಳ ಬಿಳಿ ಕುಪ್ಪಸ ನೆರಳಿನಲ್ಲಿ ಇದ್ದ ಕಡೆ ನಾಲ್ಕನೆಯ ಮನೆ, ಅಂದರೆ ಬೆಳಕಿನಲ್ಲಿದ್ದ ಕೆನ್ನೆಯ ಛಾಯೆಯೇ! ಇದನ್ನು ರಟ್ಟಿನ ತೂತಿನಿಂದ ಕಾಣದಿದ್ದರೆ ನಾನು ನಂಬುತ್ತಿರಲಿಲ್ಲ.

ಸಾಲಿನ ಕೆಳತುದಿಯಲ್ಲಿ ಮೂರೇ ಮೆಟ್ಟಿಲುಗಳೊಳಗೆ ಮುಖವೆಲ್ಲ ಅಡಗಬೇಕಾದುದರಿಂದ ಕೆಲಸ ನಾಜೂಕು. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಕಪ್ಪು ಕೂಡಿಸುತ್ತ ಹೋದರೆ ಕೈ ಹೆದರಿ ನಡುವೆಯೇ ನಿಲ್ಲುತ್ತದೆ. ಇದಕ್ಕೆ ಹಳೆಯ ದಾರಿಯೊಂದಿದೆ: ಬಿಳಿಯಿಂದ ಹೊರಡದೆ ನಡುವಿನಿಂದ ಹೊರಡುವುದು. ಯುರೋಪಿನ ಹಿಂದಿನ ಚಿತ್ರಕಾರರು ಬಣ್ಣದ ಹಾಳೆಯನ್ನೇ ನಡುವಣ ಛಾಯೆಯಾಗಿ ಇಟ್ಟುಕೊಂಡು ಕಪ್ಪನ್ನೂ ಬಿಳಿಯನ್ನೂ ಅದರ ಮೇಲೆ ಸೇರಿಸುತ್ತಿದ್ದರು. ಡ್ಯೂರರ್ ೧೫೦೮ರಲ್ಲಿ ನೀಲಿ ಹಾಳೆಯ ಮೇಲೆ ಬರೆದ ಪ್ರಾರ್ಥಿಸುವ ಕೈಗಳು ಇದಕ್ಕೆ ಹೆಸರಾದ ಉದಾಹರಣೆ. ನನಗೆ ಅಂಥ ಹಾಳೆ ಸಿಗಲಿಲ್ಲ. ಇದ್ದಿಲನ್ನು ಪುಡಿಮಾಡಿ ಹಳೆಯ ಪಂಚೆಯ ಚೂರಿನಿಂದ ಡ್ರಾಯಿಂಗ್ ಹಾಳೆಗೆಲ್ಲ ಉಜ್ಜಿ ನಾಲ್ಕನೆಯ ಮನೆಯ ಛಾಯೆಗೆ ತಂದೆ. ಈಗ ಹಾಳೆಯೇ ಅವ್ವನ ಮೈಬಣ್ಣ. ನೆರಳನ್ನು ಇದ್ದಿಲಿನಿಂದ ಇಳಿಸಿ, ಹೊಳಪನ್ನು ರಬ್ಬರಿನಿಂದ ಎತ್ತಿದರಾಯಿತು. ರಬ್ಬರು ಅಳಿಸುವ ಸಾಧನವಲ್ಲ, ಬೆಳಕು ಬರೆಯುವ ಸಾಧನ ಎಂಬುದು ನನಗೆ ಅಂದು ತಿಳಿಯಿತು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಅನೇಕರು ನೋಡಿರಬಹುದು. ಬಹಳ ಜನ ಅದನ್ನು ರವಿವರ್ಮರದೆಂದು ತಿಳಿದಿದ್ದಾರೆ, ಅದು ಎಸ್. ಎಲ್. ಹಲ್ದನ್‌ಕರ್ ಅವರು ೧೯೪೫-೪೬ರಲ್ಲಿ ತಮ್ಮ ಮಗಳು ಗೀತಾ ಅವರನ್ನೇ ನಿಲ್ಲಿಸಿಕೊಂಡು ಬರೆದ ಜಲವರ್ಣದ ಚಿತ್ರ. ಈ ಪಾಠವಾದ ಮೇಲೆ ಎರಡನೆಯ ಸಲ ಅದನ್ನು ನೋಡಿದಾಗ ದೀಪಕ್ಕಿಂತ ಹೆಚ್ಚಾಗಿ ಸುತ್ತಲಿನ ಕತ್ತಲನ್ನು ನೋಡಿದೆ. ಮುಖ ಬೆಳಗುವುದು ಬಿಳಿಯಾಗಿರುವುದರಿಂದ ಅಲ್ಲ. ಸುತ್ತಲಿನ ಛಾಯೆಯನ್ನು ಅಷ್ಟು ಕೆಳಗೆ ಇಳಿಸಿರುವುದರಿಂದ.

ಕೊನೆಗೆ ಅಜ್ಜಿಯ ಚಿತ್ರ. ಗುರುತಿನ ಚೀಟಿಯ ಚಿತ್ರದಲ್ಲಿ ಬೆಳಕು ಎದುರಿನಿಂದಲೇ ಬಿದ್ದಿದೆ. ಆದುದರಿಂದ ನೆರಳೇ ಇಲ್ಲ, ಆಕಾರವೂ ಇಲ್ಲ. ಅದರಿಂದ ನನಗೆ ಸಿಕ್ಕಿದ್ದು ಅಳತೆಗಳು ಮಾತ್ರ. ನೆರಳನ್ನು ಅವ್ವನ ಮುಖದಿಂದ ಎರವಲು ತರಬೇಕಾಯಿತು. ಆದರೆ ಹಾಗೆಯೇ ತಂದರೆ ಅವ್ವನೇ ಆಗುತ್ತಾಳೆ. ಅಜ್ಜಿಗೆ ಹಲ್ಲುಗಳು ಉದುರಿದ್ದುವು. ಹಲ್ಲು ಹೋದ ಮೇಲೆ ದವಡೆ ಕುಗ್ಗಿ ಗಲ್ಲ ಮೂಗಿನ ಕಡೆಗೆ ಏರುತ್ತದೆ, ಮೂರು ಪಾಲಿನ ಲೆಕ್ಕದಲ್ಲಿ ಕೆಳಗಿನ ಪಾಲು ಗಿಡ್ಡವಾಗುತ್ತದೆ, ತುಟಿ ಒಳಕ್ಕೆ ಸರಿದು ಕೆಳತುಟಿಯ ಹೊಳಪು ಮಾಯವಾಗುತ್ತದೆ. ಚೀಟಿಯ ಮೇಲೆ ಅಳೆದಾಗ ಕೆಳಗಿನ ಪಾಲು ನಿಜವಾಗಿಯೂ ಗಿಡ್ಡವಾಗಿತ್ತು. ಕೆನ್ನೆಯ ಏಣಿನ ಕೆಳಗಿನ ಗುಳಿಯನ್ನು ಆಳ ಮಾಡಿದೆ. ಕೂದಲಿನ ಬಿಳಿಯನ್ನು ಒಂದೇ ತೇಪೆಯಾಗಿ ರಬ್ಬರಿನಿಂದ ಎತ್ತಿದೆ. ಅದರ ಪಕ್ಕದಲ್ಲಿ ಹಣೆಯ ಕಪ್ಪು ತಾನಾಗಿಯೇ ಸರಿಯಾದ ಕಪ್ಪಾಯಿತು. ಕಣ್ಣುಗಳನ್ನು ಎರಡು ಗುಳಿಗಳಾಗಿಯೇ ಬಿಟ್ಟು, ಒಳಗೆ ಒಂದೊಂದು ತೇವದ ಹೊಳಪನ್ನು ಮಾತ್ರ ಇಟ್ಟೆ. ಕಿವಿ ಸರಿಬಂದಿಲ್ಲ. ಚೀಟಿಯಲ್ಲಿ ಸೆರಗು ಕಿವಿಯನ್ನು ಮುಚ್ಚಿದೆ. ನಾನು ಅವ್ವನ ಕಿವಿಯನ್ನು ಇಟ್ಟು ನೋಡಿ, ಒಪ್ಪದೆ, ಅಲ್ಲಿಯೂ ಸೆರಗನ್ನೇ ಎಳೆದುಬಿಟ್ಟೆ.

ಚಿತ್ರವನ್ನು ಗೋಡೆಗೆ ಒರಗಿಸಿ ಇಟ್ಟೆ. ಅವ್ವ ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. “ಎಡಗಡೆ ಹುಬ್ಬಿನ ಮ್ಯಾಲೆ ಕುಡ್ಲು ತಾಗಿದ್ ಗುರ್ತು ಇತ್ತಲ್ಲ, ಅದೆಲ್ಲಿ?” ಎಂದು ಕೇಳಿದಳು. ಚೀಟಿಯ ಚಿತ್ರದಲ್ಲಿ ಅದು ಕಾಣುವುದಿಲ್ಲ, ನಾನೂ ಮರೆತಿದ್ದೆ. ಆ ಗುರುತು ಸುತ್ತಲಿನ ಚರ್ಮಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿತ್ತೆಂದು ಅವ್ವನೇ ನೆನಪಿಸಿದಳು. ರಬ್ಬರನ್ನು ಬ್ಲೇಡಿನಿಂದ ಚೂಪಾಗಿ ಕೊಯ್ದು ಹುಬ್ಬಿನ ಮೇಲೆ ಓರೆಯಾಗಿ ಒಂದು ಸಲ ಎಳೆದೆ, ಅದರ ಕೆಳಗೆ ಕೂದಲೆಳೆಯಷ್ಟು ನೆರಳಿಟ್ಟೆ. ಅವ್ವ ಅದನ್ನು ಬೆರಳಿನಿಂದ ಮುಟ್ಟಲು ಹೋದಳು. ಇದ್ದಿಲು ಅಳಿಸಿಹೋಗುತ್ತದೆಂದು ಅವಳ ಕೈ ಹಿಡಿದುಕೊಂಡೆ. ಇನ್ನು ಗಾಜು ಹಾಕಿಸಬೇಕು.